ಪಾದರಸದಲ್ಲಿ ಬೆಸವಿಲ್ಲ

"ಯಂತ್ರ ಸರಿಯಾಗೇ ಇದೆ ಕಣೇ. ಪಾಪ, ಇದರ ತಲೆ ಮೇಲೆ ತಪ್ಪು ಹೊರಿಸೋಕಾಗಲ್ಲ."

ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು, ರಕ್ತದೊತ್ತಡ ಅಳೆಯುವ ಪೆಟ್ಟಿಗೆಯನ್ನು ಹೆಂಡತಿಯ ಕಡೆಗೆ ಸರಿಸಿದರು. ಪತ್ತೆಮ್ಮನ ಮುಖ ಸಪ್ಪಗಾಯಿತು. ಯಂತ್ರ ಕೆಟ್ಟಿದೆ ಎಂದು ಇವರು ಹೇಳಿಬಿಟ್ಟಿದ್ದರೆ ಕೆಲಸ ಅಲ್ಲಿಗೇ ಮುಗಿದುಹೋಗುತ್ತಿತ್ತು. ಮೂವತ್ತೈದು ವರ್ಷ ಗಡಿಯಾರ ರಿಪೇರಿ ಮಾಡಿದ ಗಂಡನನ್ನು ಅಂಗಡಿಗೆ ಬೀಗ ಹಾಕಿಸಿ ಇಲ್ಲಿಗೆ ಎಳೆದುತಂದದ್ದೇ ಅದಕ್ಕೆ.

"ಒಂಚೂರಾದ್ರೂ ಕೆಟ್ಟಿಲ್ವಾ?"

"ನಿನಗೋಸ್ಕರ ಬೇಕಾದ್ರೆ ಕೆಡಿಸಿಕೊಡ್ತೀನಿ."

"ಸುಮ್ನಿರಿ ಸಾಕು. ಒಂದೂವರೆ ಆಯ್ತು. ಮೂರಕ್ಕೆ ವಿಚಾರಣಾ ಸಮಿತಿ ಕೂತ್ಕೊಳ್ಳುತ್ತೆ."

ವಿಮಾ ಕಚೇರಿಯ ತನಿಖೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಸತ್ತರೆಂದು ಕಾಗದದಲ್ಲಿ ಬರೆಸಿಕೊಂಡು ಊರೂರು ತಿರುಗುತ್ತಿದ್ದ ಎಷ್ಟೋ ಮಂದಿಯನ್ನು ಜೀವಂತ ಹಿಡಿದು ತಂದಾಕೆ ಪತ್ತೆಮ್ಮ. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಮೊನ್ನೆ ಸಂಜೆ ಅವರ ಮನೆ ಬಾಗಿಲು ತಟ್ಟಿ, "ಅಮ್ಮಾ, ನಾನು ಸುಳ್ಳು ಬರೆದೆ ಅಂತಿದಾರೆ" ಎಂದು ಅತ್ತಿದ್ದ ದಾದಿ ಈಗ ಸಂಶೋಧನಾ ಕೇಂದ್ರದ ದಾಖಲೆ ಕೋಣೆಯ ಮೂಲೆಯಲ್ಲಿ, ಸ್ಟೀಲ್ ಕುರ್ಚಿಯ ತುದಿಯಲ್ಲಿ ಮುದುರಿ ಕೂತಿದ್ದಳು.

ಅವಳನ್ನು ಎಲ್ಲರೂ ಕರೆಯುವುದು ತೂಕದಕ್ಕ ಎಂದು. ಮಕ್ಕಳು ಇಟ್ಟ ಹೆಸರು ಅದು. ಐವಿಎಫ್ ಚಿಕಿತ್ಸೆಯಿಂದ ಹುಟ್ಟಿದ ಇನ್ನೂರ ಹನ್ನೆರಡು ಮಕ್ಕಳು ಹೇಗೆ ಬೆಳೆಯುತ್ತಿದ್ದಾರೆಂದು ಈ ಸಂಶೋಧನಾ ಕೇಂದ್ರ ಎಂಟು ವರ್ಷದಿಂದ ನೋಡಿಕೊಂಡು ಬಂದಿತ್ತು. ಅವರಲ್ಲಿ ಕೆಲವರು ತಾಜಾ ಭ್ರೂಣದಿಂದ ಹುಟ್ಟಿದವರು, ಕೆಲವರು ತಿಂಗಳುಗಟ್ಟಲೆ ಹೆಪ್ಪುಗಟ್ಟಿಸಿಟ್ಟ ಭ್ರೂಣದಿಂದ. ತಾಯಿಗೆ ಬಸಿರಲ್ಲಿ ಬಿ.ಪಿ. ಏರಿತ್ತೇ, ಮಗುವಿಗೂ ಏರುತ್ತದೆಯೇ, ಎರಡು ಗುಂಪಿಗೂ ವ್ಯತ್ಯಾಸವಿದೆಯೇ ಎಂಬುದು ಪ್ರಶ್ನೆ. ಉತ್ತರ ಹುಡುಕಿಕೊಂಡು ಒಂದು ಕೈಯಲ್ಲಿ ತೂಕದ ಯಂತ್ರ, ಇನ್ನೊಂದರಲ್ಲಿ ಈ ಪೆಟ್ಟಿಗೆ ಹಿಡಿದು ಮನೆ ಮನೆ ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ.

ಕಳೆದ ತಿಂಗಳು ಒಂದು ಮಗು ಶಾಲೆಯ ಆಟದ ಬಯಲಲ್ಲಿ ತಲೆಸುತ್ತಿ ಬಿತ್ತು. ನೋಡಿದರೆ ಬಿ.ಪಿ. ಜಾಸ್ತಿ. ಕೇಂದ್ರದ ಹಾಳೆಯಲ್ಲಿ ಮಾತ್ರ ಎಲ್ಲ ಚೆನ್ನಾಗಿದೆ ಎಂದಿತ್ತು. ತಾಯಿ ಸುಮ್ಮನೆ ಬಿಡಲಿಲ್ಲ. ಹೊರಗಿನ ವೈದ್ಯರು ಶಾಲೆಗಳಿಗೆ ಹೋಗಿ ಈ ಎಲ್ಲ ಮಕ್ಕಳನ್ನೂ ಮತ್ತೆ ಪರೀಕ್ಷಿಸಿದರು. ನಲವತ್ತೊಂದು ಮಕ್ಕಳ ಅಂಕಿ ಹಾಳೆಗೆ ತಾಳೆಯಾಗಲಿಲ್ಲ. ಪ್ರತಿ ಹಾಳೆಯ ಕೆಳಗೂ ತೂಕದಕ್ಕನ ಸಹಿ ಇತ್ತು.

ಇನ್ನೇನು ಬೇಕು? ಮನೆಯಲ್ಲಿ ಕಾಲು ಚಾಚಿ ಕೂತು ಬರೆದಿದ್ದಾಳೆ ಎಂದು ತೀರ್ಮಾನವಾಗಿಯೇ ಹೋಗಿತ್ತು. ಇವತ್ತು ಸಮಿತಿ ಅದಕ್ಕೆ ಮೊಹರು ಒತ್ತಿದರೆ ಅವಳ ದಾದಿ ಪರವಾನಗಿ ರದ್ದು. ಇನ್ನು ಯಾವ ಆಸ್ಪತ್ರೆಯೂ ಅವಳನ್ನು ರೋಗಿಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆ ಕೆಲಸವೊಂದನ್ನು ಬಿಟ್ಟು ಅವಳಿಗೆ ಬೇರೆ ಗೊತ್ತಿರಲಿಲ್ಲ.

"ನಿನ್ನ ಕೈಬರಹದ ಪುಸ್ತಕಗಳು ಒಂದಾದ್ರೂ ಉಳಿದಿಲ್ವಾ ತಾಯಿ?"

"ಇಲ್ಲಮ್ಮಾ. ಎರಡು ತಿಂಗಳ ಹಿಂದೆ ಇಲ್ಲೇ ಪೈಪ್ ಒಡೀತು. ನೋಡಿ, ಗೋಡೆಯಲ್ಲಿ ಮೊಳಕಾಲುದ್ದ ಕಲೆ ಇನ್ನೂ ಇದೆ. ಪುಸ್ತಕ ಎಲ್ಲ ನೆಂದು ಮುದ್ದೆಯಾಯ್ತು, ಎಸೆದುಬಿಟ್ರು."

ಉಳಿದದ್ದು ಕಂಪ್ಯೂಟರಿನಿಂದ ಅಚ್ಚಾಗಿ ಬಂದ ಹಾಳೆಗಳು ಮಾತ್ರ. ಅವುಗಳಲ್ಲಿ ಮಕ್ಕಳ ಹೆಸರಿಲ್ಲ, ಸಂಖ್ಯೆಯಷ್ಟೇ. ಶಾಲೆಯ ಮರುಪರೀಕ್ಷೆಯ ಪಟ್ಟಿಯಲ್ಲೂ ಅಷ್ಟೇ. ದಾದಿಯ ಪರ ನಿಂತವಳೆಂದು ಆ ಪಟ್ಟಿ ಇವತ್ತು ಬೆಳಿಗ್ಗೆ ಸಮಿತಿಯಿಂದ ಪತ್ತೆಮ್ಮನ ಕೈಗೆ ಸಿಕ್ಕಿತ್ತು, ಆರೋಪಿಗೆ ತೋರಿಸಕೂಡದು ಎಂಬ ಷರತ್ತಿನ ಮೇಲೆ. ತಂದೆತಾಯಿಯರಿಗೆ ಕಾಗದ ಹೋಗುವುದು ವಿಚಾರಣೆ ಮುಗಿದ ಮೇಲೆ.

ಗಡಿಯಾರದವರು ಇನ್ನೂ ಪೆಟ್ಟಿಗೆಯ ಗಾಜಿನ ಕೊಳವೆಯನ್ನೇ ನೋಡುತ್ತಿದ್ದರು. ಅವರಿಗೆ ಯಾವುದಾದರೂ ಮುಳ್ಳೋ ಗೆರೆಯೋ ಕಂಡರೆ ಊಟ ನಿದ್ದೆ ಬೇಡ.

"ಒಂದು ವಿಷಯ ಚೆನ್ನಾಗಿದೆ ಕಣೇ ಇದರಲ್ಲಿ. ಗೆರೆ ಎರಡೆರಡಕ್ಕೆ ಹಾಕಿದಾರೆ. ತೊಂಬತ್ತಾರು, ತೊಂಬತ್ತೆಂಟು, ನೂರು. ತೊಂಬತ್ತೇಳು ಅನ್ನೋದು ಈ ಕೊಳವೆಯಲ್ಲಿ ಹುಟ್ಟೋದೇ ಇಲ್ಲ."

ಪತ್ತೆಮ್ಮ ಗಕ್ಕನೆ ನಿಂತಳು.

"ಏನಂದ್ರಿ?"

"ಬೆಸ ಅಂಕಿ ಇಲ್ಲ ಅಂದೆ."

"ತಾಯಿ, ಇಲ್ಲಿ ಬಾ. ಪಾದರಸ ಎರಡು ಗೆರೆ ಮಧ್ಯೆ ನಿಂತ್ರೆ ಏನ್ ಬರೀತೀಯ?"

ತೂಕದಕ್ಕ ಕಣ್ಣೊರೆಸಿಕೊಂಡಳು. "ಮೇಲಿನ ಗೆರೆ. ಮೊದಲನೇ ವರ್ಷವೇ ಹೇಳಿಕೊಡ್ತಾರೆ. ಮಧ್ಯದ್ದು ಬರೆದ್ರೆ ದೊಡ್ಡ ಸಿಸ್ಟರು ಪುಸ್ತಕ ಮುಖಕ್ಕೇ ಎಸೀತಿದ್ರು."

ಪತ್ತೆಮ್ಮ ನಲವತ್ತೊಂದು ಹಾಳೆಗಳ ಕಟ್ಟನ್ನು ಸರ್ರನೆ ಬಿಚ್ಚಿದಳು. ಮೊದಲನೇ ಹಾಳೆಯ ಕೊನೆಯ ಭೇಟಿ: ತೊಂಬತ್ತೇಳು, ಅರವತ್ತಮೂರು. ಎರಡನೆಯದು: ತೊಂಬತ್ತೈದು, ಅರವತ್ತೊಂದು. ಮೂರನೆಯದು: ತೊಂಬತ್ತೊಂಬತ್ತು, ಅರವತ್ತೈದು. ಏಳು ಹಾಳೆ ನೋಡಿದಳು. ಏಳರಲ್ಲೂ ಬೆಸ. ಆಮೇಲೆ ಕಪಾಟಿನಿಂದ ಬೇರೆ ಮಕ್ಕಳ ಹತ್ತು ಹಾಳೆ ಎಳೆದು ನೋಡಿದಳು. ಎಲ್ಲವೂ ಸಮ.

"ಅಬ್ಬಾ!" ಎಂದು ಕಟ್ಟನ್ನು ಮುಚ್ಚಿ ಅದರ ಮೇಲೊಂದು ಏಟು ಹೊಡೆದಳು. "ಗೆದ್ದೆ ಕಣೇ ತಾಯಿ ನೀನು. ಈ ಯಂತ್ರ ಹಿಡಿದವರ ಕೈಯಲ್ಲಿ ತೊಂಬತ್ತೇಳು ಬರೆಯೋಕಾಗಲ್ಲ. ಇದನ್ನ ಬರೆದೋನು ಜನ್ಮದಲ್ಲಿ ಒಂದು ಮಗುವಿನ ತೋಳಿಗೆ ಪಟ್ಟಿ ಕಟ್ಟಿಲ್ಲ."

"ನಿಜವಾಗ್ಲೂ ಅಮ್ಮಾ? ಎಲ್ಲಾ ನಲವತ್ತೊಂದೂ ಹಾಗೇನಾ?"

"ಎಲ್ಲಾ." ಪತ್ತೆಮ್ಮನಿಗೆ ಉಳಿದದ್ದನ್ನು ಬಿಚ್ಚಿ ನೋಡುವ ಅಗತ್ಯವೇ ಕಾಣಲಿಲ್ಲ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಇಡೀ ಪಾತ್ರೆ ತಿನ್ನಬೇಕಾಗಿಲ್ಲವಲ್ಲ.

ತೂಕದಕ್ಕನ ಮುಖದಲ್ಲಿ ಯಾಕೋ ಅವಳು ನಿರೀಕ್ಷಿಸಿದಷ್ಟು ಬೆಳಕು ಬರಲಿಲ್ಲ. ಪಾಪ, ಬಳಲಿದ್ದಾಳೆ ಎಂದುಕೊಂಡಳು ಪತ್ತೆಮ್ಮ.

ಕಂಪ್ಯೂಟರಿಗೆ ಒಮ್ಮೆ ಹತ್ತಿದ ಅಂಕಿಯನ್ನು ತಿದ್ದುವ ಪಾಸ್‌ವರ್ಡ್ ಇಬ್ಬರ ಬಳಿ ಮಾತ್ರ ಇತ್ತು. ಒಬ್ಬರು ಕೇಂದ್ರದ ಮುಖ್ಯಸ್ಥೆ, ದೊಡ್ಡ ಡಾಕ್ಟರಮ್ಮ. ಆಕೆ ದಿನಕ್ಕೆ ಇಪ್ಪತ್ತು ಬಸುರಿಯರ ತೋಳಿಗೆ ಇದೇ ಪಟ್ಟಿ ಕಟ್ಟುವವರು, ನಿದ್ದೆಯಲ್ಲೂ ತೊಂಬತ್ತೇಳು ಎನ್ನುವವರಲ್ಲ. ಉಳಿದವರು ಒಬ್ಬರೇ.

"ರೀ, ಪೆಟ್ಟಿಗೆ ಎತ್ಕೊಳ್ಳಿ. ಮೇಲೆ ಹೋಗೋಣ."

"ನಾನು ಗಡಿಯಾರದವನೋ, ಕೂಲಿಯವನೋ?"

"ಎರಡೂ. ನಡೀರಿ."

*

ಎರಡನೇ ಮಹಡಿಯ ಕೊನೆಯ ಕೋಣೆ ಅಂಕಿ ಮೇಷ್ಟ್ರದು. ಹಿಂದೆ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು. ಸಂಶೋಧನೆಯ ಲೆಕ್ಕಾಚಾರವೆಲ್ಲ ಅವರ ಕೈಯದು. ಮೇಜಿನ ಮೇಲೆ ಐದು ಪೆನ್ಸಿಲ್, ಐದೂ ಒಂದೇ ಉದ್ದ. ಗೋಡೆಯಲ್ಲಿ ಕಟ್ಟು ಹಾಕಿಸಿದ ಹಳೆಯ ವರದಿಯ ಮೊದಲ ಪುಟ: ಮಕ್ಕಳು ಐದು ವರ್ಷದವರಿದ್ದಾಗ ಎರಡೂ ಗುಂಪಿಗೆ ಯಾವ ವ್ಯತ್ಯಾಸವೂ ಇಲ್ಲವೆಂದು ಅವರು ಸಾರಿದ್ದ ವರದಿ ಅದು.

"ಬನ್ನಿ ಮೇಡಂ. ಮೂರು ಗಂಟೆಗೆ ಕೆಳಗೇ ಸಿಗ್ತಿದ್ವಲ್ಲ."

"ಮೆಟ್ಟಿಲು ಹತ್ತಿ ತಲೆ ಸುತ್ತಿದ ಹಾಗಿದೆ ಮೇಷ್ಟ್ರೇ. ಒಂಚೂರು ಬಿ.ಪಿ. ನೋಡ್ತೀರಾ? ಯಂತ್ರ ನಾನೇ ತಂದಿದೀನಿ."

"ನಾನಾ?" ಮೇಷ್ಟ್ರು ನಕ್ಕರು. "ಅದಕ್ಕೆ ದಾದಿಯರಿದಾರಲ್ಲ."

"ಇದ್ದೊಬ್ಬಳನ್ನ ನೀವು ಕುರ್ಚಿ ತುದೀಲಿ ಕೂರಿಸಿದೀರಲ್ಲ. ಕಟ್ಟಿ ಪರವಾಗಿಲ್ಲ. ಇಷ್ಟು ವರ್ಷ ಈ ಯಂತ್ರದ ಅಂಕಿ ಮೇಲೇ ವರದಿ ಬರೆದೋರು ನೀವು."

ಬೇಡವೆಂದರೆ ಚೆನ್ನಾಗಿರುವುದಿಲ್ಲ. ಮೇಷ್ಟ್ರು ಪಟ್ಟಿಯನ್ನು ತೋಳಿಗೆ ಸುತ್ತಿದರು, ರವಿಕೆ ತೋಳಿನ ಮೇಲೇ, ಕೊಳವೆ ಭುಜದ ಕಡೆಗೆ ಮಾಡಿ. ರಬ್ಬರ್ ಬುರುಡೆ ಒತ್ತಿದರು, ಒತ್ತಿದರು, ಒತ್ತುತ್ತಲೇ ಹೋದರು.

"ಸ್ವಾಮಿ, ನಿಧಾನ," ಎಂದರು ಗಡಿಯಾರದವರು. "ನನಗಿರೋದು ಒಬ್ಬಳೇ ಹೆಂಡತಿ."

ಪತ್ತೆಮ್ಮ ಗಾಳಿ ಬಿಡುವ ತಿರುಪನ್ನು ಸಡಿಲಿಸಿ ಮತ್ತೆ ಬಿಗಿದಳು. ಪಾದರಸ ಜಾರಿ ಒಂದೆಡೆ ನಿಂತಿತು. "ಈಗ ಎಲ್ಲಿ ನಿಂತಿದೆ, ಅಷ್ಟು ಹೇಳಿ ಸಾಕು."

ಮೇಷ್ಟ್ರು ಬಗ್ಗಿದರು. "ನೂರ ಮೂವತ್ತ..." ಎಂದವರು ಅಲ್ಲೇ ನಿಂತರು.

"ಮೂವತ್ತೊಂದಾ?"

ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಒಂದೊಂದೇ ಗೆರೆ ಎಣಿಸುತ್ತಿರುವುದು ತುಟಿಯಲ್ಲಿ ಕಾಣುತ್ತಿತ್ತು. ಮೂವತ್ತು. ಮೂವತ್ತೆರಡು. ಮೂವತ್ನಾಲ್ಕು. ಅಂಕಿಯಲ್ಲೇ ಬದುಕಿದ ಮನುಷ್ಯನಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ಇಷ್ಟು ವರ್ಷದಲ್ಲಿ ಇದನ್ನ ಹತ್ತಿರದಿಂದ ನೋಡ್ತಿರೋದು ಇವತ್ತೇ ಮೊದಲು, ಅಲ್ವಾ?"

"ಈಗೆಲ್ಲ ಡಿಜಿಟಲ್ ಯಂತ್ರ ಬಂದಿದೆ ಮೇಡಂ. ಅದ್ರಲ್ಲಿ ಬೆಸವೂ ಬರುತ್ತೆ. ಆಕೆ ಅದನ್ನ ಒಯ್ದಿರಬಹುದು."

"ನಿಮ್ಮ ಕೇಂದ್ರದ ನಿಯಮ ಪುಸ್ತಕ, ಪುಟ ಹನ್ನೊಂದು. ಈ ಮಕ್ಕಳಿಗೆ ಪಾದರಸದ ಯಂತ್ರವೇ ಆಗ್ಬೇಕು ಅಂತಿದೆ. ಕೆಳಗೆ ಸಹಿ ಹಾಕಿರೋದು ನೀವೇ." ಪತ್ತೆಮ್ಮ ಪಟ್ಟಿಯನ್ನು ಪರ್ರನೆ ಕಿತ್ತಳು. "ಉಳಿದ ಮಕ್ಕಳಿಗೆಲ್ಲ ಇದು, ಸರಿಯಾಗಿ ಈ ಅಂಕಿ ತಪ್ಪಿರೋ ಮಕ್ಕಳಿಗೆ ಮಾತ್ರ ಅದು ಒಯ್ದಳಾ? ಸಮಿತಿ ಮುಂದೆ ಇದೇ ಮಾತು ಹೇಳಿ ಮೇಷ್ಟ್ರೇ, ನಾನೂ ನಗೋಕೆ ತಯಾರಾಗಿ ಬರ್ತೀನಿ."

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಪೆನ್ಸಿಲ್‌ಗಳನ್ನು ಮತ್ತೆ ಒಂದೇ ಸಾಲಿಗೆ ಸರಿಸಿದರು.

"ನಾನು ಒಂದೊಂದು ಮಗೂನ ನೋಡಲ್ಲ ಮೇಡಂ. ಸರಾಸರಿ ನೋಡ್ತೀನಿ. ಒಂದೊಂದು ಹಾಳೆ ಓದಿದ್ದೇ ಇಲ್ಲ. ಹೆಪ್ಪುಗಟ್ಟಿಸಿದ ಭ್ರೂಣದ ಗುಂಪಿನ ಸರಾಸರಿ ಏರಿಬಿಡ್ತು. ಮೂರು ವರ್ಷ ದೇಶದೇಶಗಳಲ್ಲಿ ನನ್ನ ವರದಿ ಓದಿದೀನಿ, ವ್ಯತ್ಯಾಸ ಇಲ್ಲ ಇಲ್ಲ ಅಂತ. ಈಗ ಹೋಗಿ ಇದೆ ಅನ್ಲಾ?"

"ಏನ್ ಮಾಡಿದ್ರಿ?"

"ಆ ಗುಂಪಲ್ಲಿ ಬಿ.ಪಿ. ತುಂಬಾ ಏರಿದ್ದ ಮಕ್ಕಳನ್ನ ಆರಿಸಿದೆ. ಮೇಲಿನ ಅಂಕಿಯಿಂದ ಹದಿನೈದು, ಕೆಳಗಿನದರಿಂದ ಹನ್ನೊಂದು ಕಳೆ ಅಂತ ಕಂಪ್ಯೂಟರಿಗೆ ಹೇಳಿದೆ. ಎಲ್ಲರಿಗೂ ಒಂದೇ ಸಮ ಕಳೆದ್ರೆ ಅವರವರ ನಡುವಿನ ಏರಿಳಿತ ಹಾಗೇ ಉಳಿಯುತ್ತೆ, ಸಹಜವಾಗಿ ಕಾಣುತ್ತೆ."

ಸಮ ಅಂಕಿಯಿಂದ ಹದಿನೈದು ಕಳೆದರೆ ಸಿಗುವುದು ಬೆಸವೇ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಕೊಳವೆಯೊಂದನ್ನು ನೋಡಿರಲಿಲ್ಲ, ಅಷ್ಟೇ.

"ಆಮೇಲೆ ಅವಳ ಸಹಿ?"

"ಇನ್ನೂರ ಹನ್ನೆರಡು ಹಾಳೆ ಅಚ್ಚು ಹಾಕಿಸಿ ಒಂದೇ ಮಧ್ಯಾಹ್ನ ಸಹಿ ಮಾಡಿಸಿದೆ. ಅರ್ಜೆಂಟು ಅಂದೆ. ನನ್ನನ್ನ ನಂಬಿ ಓದದೇ ಮಾಡಿದಳು."

ಪತ್ತೆಮ್ಮನಿಗೆ ಮೈ ಉರಿಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಶಾಲೆಯ ಪಟ್ಟಿ ತೆಗೆದಳು. ಹಾಳೆಯ ತೊಂಬತ್ತೇಳಕ್ಕೆ ಹದಿನೈದು ಕೂಡಿಸಿದರೆ ನೂರ ಹನ್ನೆರಡು. ಶಾಲೆಯ ವೈದ್ಯರಿಗೆ ಸಿಕ್ಕದ್ದೂ ನೂರ ಹನ್ನೆರಡು. ಮುಂದಿನ ಮಗುವಿಗೆ ಕೂಡಿಸಿದರೆ ನೂರ ಹತ್ತು, ಸಿಕ್ಕದ್ದು ನೂರ ಹನ್ನೆರಡು, ಒಂದೇ ಗೆರೆಯ ವ್ಯತ್ಯಾಸ. ತೂಕದಕ್ಕ ಆ ಮನೆಗಳಿಗೆ ಹೋಗಿದ್ದಳು, ನೆಟ್ಟಗೆ ಅಳೆದಿದ್ದಳು. ಇವರು ಕಳೆದದ್ದನ್ನು ವಾಪಸ್ ಕೂಡಿಸಿದರೆ ಅವಳ ಎಂಟು ವರ್ಷದ ದುಡಿಮೆ ಇದ್ದ ಹಾಗೇ ಎದ್ದು ನಿಲ್ಲುತ್ತಿತ್ತು.

"ಬರೆದುಕೊಡಿ. ಯಾವ ಯಾವ ಮಕ್ಕಳದು ತಿದ್ದಿದ್ರಿ, ಸಂಖ್ಯೆ ಸಮೇತ."

ಮೇಷ್ಟ್ರು ಪೆನ್ಸಿಲ್ ಬಿಟ್ಟು ಪೆನ್ನು ತೆಗೆದುಕೊಂಡರು. ನೋಡಿಕೊಳ್ಳದೆ, ಬಾಯಿಪಾಠದಂತೆ ಸಂಖ್ಯೆಗಳನ್ನು ಸಾಲಾಗಿ ಇಳಿಸಿದರು. ಕೊನೆಗೆ ಕೆಳಗೊಂದು ಗೆರೆ ಎಳೆದು ಬರೆದರು: ಒಟ್ಟು ನಲವತ್ತು.

"ನಲವತ್ತೊಂದು," ಎಂದಳು ಪತ್ತೆಮ್ಮ.

"ನಲವತ್ತು."

"ಮೇಷ್ಟ್ರೇ, ಇಷ್ಟು ಒಪ್ಪಿಕೊಂಡ ಮೇಲೆ ಒಂದು ಮಗುವಿಗೆ ಯಾಕೆ ಚೌಕಾಸಿ?"

"ಮೇಡಂ, ನಾನು ಮೋಸ ಮಾಡಿದೀನಿ. ಎಣಿಸೋದ್ರಲ್ಲಿ ತಪ್ಪು ಮಾಡಲ್ಲ." ಅವರ ದನಿಯಲ್ಲಿ ಆ ಹೊತ್ತಲ್ಲೂ ಒಂದು ಬಗೆಯ ಸಿಟ್ಟಿತ್ತು. "ನಿಮ್ಮ ಕಟ್ಟಲ್ಲಿ ಇನ್ನೊಂದಿದ್ರೆ ಅದು ನನ್ನದಲ್ಲ."

ಕೋಣೆಯ ಗಡಿಯಾರ ಎರಡು ನಲವತ್ತು ತೋರಿಸುತ್ತಿತ್ತು. ಪತ್ತೆಮ್ಮ ಕಟ್ಟು ಬಿಚ್ಚಿ ಒಂದೊಂದೇ ಹಾಳೆಯನ್ನು ಮೇಷ್ಟ್ರು ಬರೆದ ಸಂಖ್ಯೆಗಳಿಗೆ ತಾಳೆ ಹಾಕುತ್ತ ಹೋದಳು. ಬೆಸ, ಬೆಸ, ಬೆಸ. ಇಪ್ಪತ್ತೊಂಬತ್ತನೆಯ ಹಾಳೆಗೆ ಬಂದಾಗ ಅವಳ ಕೈ ನಿಂತಿತು.

ಮಗು ಸಂಖ್ಯೆ ನೂರ ಹದಿನೆಂಟು. ಹೆಣ್ಣು. ಐದನೇ ವಯಸ್ಸಿನಿಂದ ನಾಲ್ಕು ವರ್ಷ, ನಾಲ್ಕು ಭೇಟಿ. ತೊಂಬತ್ತಾರು, ಅರವತ್ತು. ತೊಂಬತ್ತಾರು, ಅರವತ್ತು. ಮೂರನೆಯ ವರ್ಷವೂ ಅದೇ, ನಾಲ್ಕನೆಯ ವರ್ಷವೂ ಅದೇ. ಬೆಳೆಯುವ ಮಗುವಿನ ಬಿ.ಪಿ. ನಾಲ್ಕು ವರ್ಷ ಅಲುಗದೆ ಕೂರುವುದುಂಟೇ?

ಶಾಲೆಯ ಪಟ್ಟಿಯಲ್ಲಿ ನೂರ ಹದಿನೆಂಟರ ಮುಂದೆ ಇದ್ದದ್ದು ಬೇರೆಯೇ ಅಂಕಿ. ನೂರ ಮೂವತ್ನಾಲ್ಕು, ತೊಂಬತ್ತು. ಎಂಟು ವರ್ಷದ ಹುಡುಗಿಗೆ! ಇಡೀ ಪಟ್ಟಿಯಲ್ಲೇ ಅದಕ್ಕಿಂತ ಮೇಲೆ ಯಾರೂ ಇರಲಿಲ್ಲ. ವೈದ್ಯರು ಅದರ ಸುತ್ತ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ತಕ್ಷಣ ಆಸ್ಪತ್ರೆಗೆ ಕಳಿಸಬೇಕೆಂದು ಬರೆದಿದ್ದರು. ಕೆಳಗೆ ಕಟ್ಟು ಬಿಚ್ಚಿದಾಗಲೇ ನೋಡಬಹುದಿತ್ತು. ಗೆದ್ದೆನೆಂಬ ಅವಸರದಲ್ಲಿ ನೋಡಿರಲಿಲ್ಲ.

"ಏನಾಯ್ತೇ?" ಎಂದರು ಗಡಿಯಾರದವರು.

"ನನ್ನ ತಲೆ," ಎಂದಳು ಪತ್ತೆಮ್ಮ. "ಏಳು ಹಾಳೆ ನೋಡಿ ಎಲ್ಲಾ ನೋಡಿದೆ ಅಂದ್ಕೊಂಡೆನಲ್ಲ."

*

ಸಮಿತಿ ಕೋಣೆಯ ಹೊರಗಿನ ಬೆಂಚಿನಲ್ಲಿ ತೂಕದಕ್ಕ ಒಬ್ಬಳೇ ಕೂತಿದ್ದಳು. ತಲೆ ಬಾಚಿಕೊಂಡು, ಮುಖ ತೊಳೆದುಕೊಂಡು ಸಿದ್ಧವಾಗಿದ್ದಳು. ಪತ್ತೆಮ್ಮನನ್ನು ಕಂಡು ಎದ್ದಳು.

"ಸಿಕ್ಕಿದ್ರಾ ಅಮ್ಮಾ?"

"ಸಿಕ್ಕಿದ್ರು. ಬರೆದೂ ಕೊಟ್ರು." ಪತ್ತೆಮ್ಮ ಅವಳನ್ನು ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. "ನಲವತ್ತು ಮಕ್ಕಳದು. ಈಗ ಹೇಳು ತಾಯಿ, ನೂರ ಹದಿನೆಂಟು ಯಾರು?"

ತೂಕದಕ್ಕ ಕೈಯ ಬೆರಳುಗಳನ್ನು ಒಂದರೊಳಗೊಂದು ಹೆಣೆದು ಬಿಗಿದಳು.

"ನಾಲ್ಕು ವರ್ಷ ಒಂದೇ ಅಂಕಿ. ಅದನ್ನ ಮೇಷ್ಟ್ರು ಮುಟ್ಟಿಲ್ಲ. ನೀನು ಆ ಮನೆಗೆ ಹೋಗಲೇ ಇಲ್ಲ, ಅಲ್ವಾ?"

"ದಿನಾ ಹೋಗ್ತೀನಿ ಅಮ್ಮಾ." ದನಿ ಕೇಳಿಸಿಯೂ ಕೇಳಿಸದಷ್ಟು ಸಣ್ಣದಾಗಿತ್ತು. "ಅದು ನನ್ನ ಮನೆ. ಅವಳು ನನ್ನ ಮಗಳು."

ಪತ್ತೆಮ್ಮ ಕಡತವನ್ನು ಮಡಿಲಿಗೆ ಎಳೆದುಕೊಂಡಳು.

"ಮದುವೆಯಾಗಿ ಏಳು ವರ್ಷ ಆದ್ರೂ ಮಕ್ಕಳಾಗಿರ್ಲಿಲ್ಲ. ನಾವಿಬ್ಬರೇ ಗುಟ್ಟಾಗಿ ಚಿಕಿತ್ಸೆ ತಗೊಂಡ್ವಿ. ಅತ್ತೆಗೆ ಗೊತ್ತಿಲ್ಲ, ಇಲ್ಲಿ ಯಾರಿಗೂ ಗೊತ್ತಿಲ್ಲ. ಅವಳ ಸಂಖ್ಯೆ ಪಟ್ಟಿಗೆ ಬಂದಾಗ ನಾನೇ ನೋಡ್ಕೋತೀನಿ ಅಂದೆ. ಸಿಬ್ಬಂದಿ ಮಕ್ಕಳನ್ನ ಬೇರೆಯವರೇ ಅಳೀಬೇಕು ಅಂತ ನಿಯಮ. ಹೇಳಿದ್ರೆ ಗುಟ್ಟು ಹೊರಬೀಳ್ತಿತ್ತು."

"ಗುಟ್ಟು ಸರಿ. ಮನೆಯೊಳಗೆ ಪಟ್ಟಿ ಕಟ್ಟೋಕೆ ಏನಾಗಿತ್ತು ನಿನಗೆ?"

"ಹೆದರಿಕೆ ಅಮ್ಮಾ." ಅವಳ ಕಣ್ಣಲ್ಲಿ ನೀರು ತುಂಬಿತು. "ಬಸಿರಲ್ಲಿ ನನಗೂ ಬಿ.ಪಿ. ಏರಿತ್ತು. ಇನ್ನೂರ ಹನ್ನೊಂದು ಮಕ್ಕಳ ತೋಳಿಗೆ ಕಟ್ಟಿದೀನಿ, ಏರಿದ್ದನ್ನೂ ಕಂಡಿದೀನಿ. ಪ್ರತಿ ವರ್ಷ ಅವಳನ್ನ ಕೂರಿಸ್ಕೊಂಡು ತೋಳು ಹಿಡೀತಿದ್ದೆ, ಬಿಟ್ಟುಬಿಡ್ತಿದ್ದೆ. ಚೆನ್ನಾಗಿ ಓಡಾಡ್ತಾಳಲ್ಲ, ಏನಿರುತ್ತೆ ಅಂತ ಒಳ್ಳೇದೊಂದು ಅಂಕಿ ಬರೆದುಬಿಡ್ತಿದ್ದೆ."

ಪತ್ತೆಮ್ಮ ಮಡಿಲಲ್ಲಿದ್ದ ಕಡತವನ್ನು ಒತ್ತಿ ಹಿಡಿದಳು. ಮೇಷ್ಟ್ರ ಕಾಗದ ತೋರಿಸಿ, ಈ ಒಂದು ಹಾಳೆಯ ಬಗ್ಗೆ ಬಾಯಿ ಮುಚ್ಚಿಕೊಂಡರೆ ಇವಳು ಉಳಿಯಬಹುದು. ಆದರೆ ನಲವತ್ತೊಂದನೆಯದು ಎಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಾಯಿ ಬಿಟ್ಟರೆ ಪರವಾನಗಿ ಹೋಗುತ್ತದೆ. ಸುಳ್ಳು ಬರೆದಳೆಂಬ ಮಾತಿನಲ್ಲಿ ನಲವತ್ತೊಂದರಲ್ಲಿ ಒಂದರಷ್ಟು ನಿಜವಿತ್ತು.

ಬಾಗಿಲು ತೆರೆಯಿತು. ಸಮಿತಿಯ ಗುಮಾಸ್ತ ತಲೆ ಹಾಕಿದ. "ಒಳಗೆ ಬರಬೇಕಂತೆ. ಮೊದಲು ನೀವು ಮೇಡಂ. ದಾದಿ ಒಂದೂ ಸುಳ್ಳು ಅಂಕಿ ಬರೆದಿಲ್ಲ ಅಂತ ನೀವು ಹೇಳಿಕೆ ಕೊಡ್ತೀರಂತಲ್ಲ?"

ತೂಕದಕ್ಕ ಬಾಗಿಲ ಕಡೆ ನೋಡಲೇ ಇಲ್ಲ. ಶಾಲೆಗೆ ಡಾಕ್ಟರು ಬಂದಿದ್ದು, ಎಲ್ಲ ಮಕ್ಕಳ ತೋಳಿಗೂ ಪಟ್ಟಿ ಕಟ್ಟಿದ್ದು, ಅವರು ಕಟ್ಟಿದ ತೋಳುಗಳಲ್ಲಿ ಮಗಳದೂ ಒಂದೆಂಬುದು ಅವಳಿಗೆ ಗೊತ್ತಿತ್ತು; ಆ ಅಂಕಿ ಪತ್ತೆಮ್ಮನ ಕಡತದಲ್ಲೇ ಇದೆಯೆಂಬುದು ಆಗಷ್ಟೇ ಹೊಳೆದಂತಿತ್ತು. ಪತ್ತೆಮ್ಮನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಮ್ಮಾ, ಶಾಲೆಯ ಅಂಕಿ ಪಟ್ಟಿ ನಿಮ್ಮ ಹತ್ರ ಇದೆಯಲ್ಲ," ಎಂದಳು. "ನನ್ನ ಮಗಳದು ಎಷ್ಟು ಬಂದಿದೆ?"